ಸೂಡಿಯ ಕಮ್ಮಟ: ನಾಣ್ಯಗಳಲ್ಲಿ ಟಂಕನದೋಷವೂ ಅನಂತರದ ವಿಕಾರವೂ

ಸೂಡಿಯ ಹೆಸರನ್ನೆತ್ತಿದೊಡನೆ ಸಾಮಾನ್ಯವಾಗಿ ನೆನಪಿಗೆ ಬರುವುವು ಅಲ್ಲಿಯ ಜೋಡುಕಳಸದ ಗುಡಿ ಮತ್ತು ಶಿಲ್ಪಖಚಿತವಾದ ನಾಗಕುಂಡ. ಇತಿಹಾಸವನ್ನು ಬಲ್ಲವರು ಕಿಸುಕಾಡು ಎಪ್ಪತ್ತನ್ನು ಆಳಿದ, ಚಾಲುಕ್ಯ ಎರಡನೆಯ ಜಯಸಿಂಹನ ಸೋದರಿಯಾದ ಅಕ್ಕಾದೇವಿಯನ್ನೂ ಅವುಗಳೊಡನೆ ನೆನೆಯುತ್ತಾರೆ. ಆದರೆ ರೋಣ-ಗಜೇಂದ್ರಗಡಗಳ ಸೀಮೆಯ ಈ ಊರು ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಲೊಕ್ಕಿಗುಂಡಿಯಂತೆಯೇ, ಎಂದರೆ ಇಂದಿನ ಲಕ್ಕುಂಡಿಯಂತೆಯೇ, ಪ್ರಧಾನವಾದ ಒಂದು ಕಮ್ಮಟದ ನೆಲೆಯಾಗಿದ್ದಿತೆಂಬ ಸಂಗತಿ ನಾಣ್ಯಶಾಸ್ತ್ರಜ್ಞರ ವಲಯವನ್ನು ದಾಟಿ ಹೆಚ್ಚು ದೂರ ಹೋಗಿಲ್ಲ. ಇಂತಹ ಕಮ್ಮಟಗಳಿಂದ ಹೊರಟ ಹೊನ್ನಿನ ನಾಣ್ಯಗಳಲ್ಲಿ ಕಂಡುಬರುವ ಓರೆಕೋರೆಗಳಲ್ಲಿ ಯಾವುದು ಟಂಕಿಸಿದವನ ಕೈತಪ್ಪು, ಯಾವುದು ಚಿನಿವಾರನ, ಅಕ್ಕಸಾಲಿಗನ ಅಥವಾ ಕಾಲದ ಕೃತ್ಯ ಎಂಬುದನ್ನು ನಿರ್ಣಯಿಸುವ ಕ್ರಮವನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಒಂದು ಪೂರ್ವಗ್ರಹವನ್ನು ತೊಡೆಯಬೇಕು. 1835ರಲ್ಲಿ ಕಂಪನಿ ಸರ್ಕಾರವು 180 ಗ್ರೇನ್, ಎಂದರೆ ಸುಮಾರು 11.66 ಗ್ರಾಂ, ತೂಕದ ಏಕರೂಪದ ರೂಪಾಯಿಯನ್ನು ಚಲಾವಣೆಗೆ ತಂದಂದಿನಿಂದ, ಯಂತ್ರದ ಬಿಗಿಯಾದ ಬಳೆಯೊಳಗೆ ಎರಡು ಅಚ್ಚುಗಳ ನಡುವೆ ಒಂದೇ ಏಟಿಗೆ ರೂಪುಗೊಂಡ ದುಂಡನೆಯ ಬಿಲ್ಲೆಯೇ ನಾಣ್ಯವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ಮಾನದಂಡದಿಂದ ಅಳೆದರೆ ಚಾಲುಕ್ಯರ ನಾಣ್ಯಗಳಲ್ಲಿ ದೋಷವಿಲ್ಲದುದು ಒಂದೂ ಉಳಿಯಲಾರದು. ತೆಳ್ಳನೆಯ ಅಗಲವಾದ ಹೊನ್ನಿನ ಬಿಲ್ಲೆಯ ಮೇಲೆ ಸಿಂಹ, ಶ್ರೀಕಾರ, ಭಲ್ಲೆಯ ಮೊನೆ, ಅರಸನ ಬಿರುದು ಮೊದಲಾದವುಗಳನ್ನು ಬೇರೆ ಬೇರೆ ಅಚ್ಚುಗಳಿಂದ ಒಂದೊಂದಾಗಿ ಬಡಿದು ಮೂಡಿಸುತ್ತಿದ್ದ ಈ ಪದ್ಧತಿಯಲ್ಲಿ, ಹಿಂಬದಿ ಬಹುಮಟ್ಟಿಗೆ ಬರಿದಾಗಿರುವುದೂ, ಬಿಲ್ಲೆ ಬಟ್ಟಲಿನಂತೆ ಬಾಗುವುದೂ, ಒಂದು ಮುದ್ರೆ ಮತ್ತೊಂದರ ಮೇಲೇರುವುದೂ, ಬಿರುದಿನ ಕಡೆಯ ಅಕ್ಷರ ಅಂಚಿನಾಚೆ ಬಿದ್ದು ಕಾಣದೆ ಹೋಗುವುದೂ ಸಹಜವೇ. ಆದಕಾರಣ ಇವುಗಳಿಗೆ ‘ಅಪರೂಪದ ದೋಷ’ವೆಂಬ ಹೆಸರಿಟ್ಟು ಬೆಲೆ ಏರಿಸುವ ಮಾರಾಟಗಾರರ ಮಾತಿಗೆ ಶಾಸ್ತ್ರದ ಆಧಾರವಿಲ್ಲ.

ಹಾಗಾದರೆ ನಿರ್ಣಯಕ್ಕೆ ದಾರಿಯೆಂತು? ಲೋಹವು ತನ್ನ ಮೇಲೆ ನಡೆದ ಕ್ರಿಯೆಗಳ ಪೌರ್ವಾಪರ್ಯವನ್ನು ತನ್ನಲ್ಲಿಯೇ ಉಳಿಸಿಕೊಂಡಿರುತ್ತದೆ. ಎರಡು ಮುದ್ರೆಗಳು ಸಂಧಿಸುವೆಡೆಯಲ್ಲಿ ಯಾವುದರ ಗೆರೆ ಮುರಿಯದೆ ಸಾಗಿದೆಯೋ ಅದು ಅನಂತರದ್ದು, ಯಾವುದರ ಗೆರೆ ಚಪ್ಪಟೆಯಾಗಿದೆಯೋ ಅದು ಮೊದಲಿನದು. ಇದೇ ನ್ಯಾಯವನ್ನು ಅಂಚಿಗೂ ಅನ್ವಯಿಸಬಹುದು. ಮುದ್ರೆಯು ಅಂಚಿಗೆ ಹತ್ತಿರವಾಗಿ ಬಿದ್ದಾಗ ಹೊನ್ನು ಹೊರಕ್ಕೆ ತಳ್ಳಲ್ಪಟ್ಟು ಅಂಚು ಅಲ್ಲಿ ಕೊಂಚ ಉಬ್ಬುತ್ತದೆ. ಅಂತಹ ಉಬ್ಬು ಕಾಣುವ ಭಾಗದಲ್ಲಿ ಅಂಚು ಕಮ್ಮಟವನ್ನು ಬಿಟ್ಟಾಗಿನ ಮೂಲಸ್ಥಿತಿಯಲ್ಲಿದೆಯೆಂದು ಧೈರ್ಯದಿಂದ ಹೇಳಬಹುದು. ತದ್ವಿರುದ್ಧವಾಗಿ, ಆಳವಾಗಿ ಮೂಡಿದ ಮುದ್ರೆಯೊಂದು ನೇರವಾದ ಅಂಚಿನಲ್ಲಿ ಥಟ್ಟನೆ ಕಡಿದುಹೋಗಿದ್ದು, ಅಲ್ಲಿ ಲೋಹ ಹೊರಚಾಚಿದ ಗುರುತೇ ಇಲ್ಲದಿದ್ದರೆ, ಕತ್ತರಿಯು ಮುದ್ರೆಯ ತರುವಾಯ ಬಂದಿದೆ; ಹೊನ್ನಿನ ಆಸೆಗೆ ಯಾರೋ ಅಂಚನ್ನು ಕತ್ತರಿಸಿಕೊಂಡಿದ್ದಾರೆ. ಮುದ್ರೆಯಿಲ್ಲದ ಕಡೆ ಕತ್ತರಿ ಆಡಿದ್ದರೆ ಈ ಸಾಕ್ಷ್ಯ ದೊರೆಯದು. ಆಗ ತೂಕವೇ ಶರಣು. ಆದರೆ ಗ್ರಂಥಗಳಲ್ಲಿ ಗದ್ಯಾಣಕ್ಕೆ ಹೇಳಿದ ಪ್ರಮಾಣದೊಡನೆ ಒಂಟಿ ನಾಣ್ಯವನ್ನು ತೂಗಿ ನೋಡುವುದಕ್ಕಿಂತ, ಅದೇ ಅಚ್ಚುಗಳಿಂದ ಹುಟ್ಟಿದ ಇತರ ನಾಣ್ಯಗಳ ತೂಕದೊಡನೆ ಹೋಲಿಸುವುದು ಹೆಚ್ಚು ಸಾಧು.

ಗೀರು ಮತ್ತು ಬಿರುಕುಗಳ ವಿವೇಚನೆಯೂ ಇಂತಹುದೇ. ಗೀರು ಲೋಹವನ್ನು ಉತ್ತು ತಗ್ಗು ಮಾಡುತ್ತದೆ, ತಗ್ಗಿನ ಎರಡು ಮಗ್ಗುಲಲ್ಲಿ ಸಣ್ಣ ದಿಣ್ಣೆಯನ್ನೆಬ್ಬಿಸುತ್ತದೆ. ಅಚ್ಚೇ ಸೀಳಿದ್ದರಾದರೋ ಏಟಿನ ಒತ್ತಡಕ್ಕೆ ಲೋಹವು ಆ ಸೀಳಿನೊಳಕ್ಕೆ ಹರಿದು, ನಾಣ್ಯದ ಮೇಲೆ ಉಬ್ಬುಗೆರೆಯಾಗಿ ನಿಲ್ಲುತ್ತದೆ. ಆ ಗೆರೆ ಅದೇ ಅಚ್ಚಿನ ಬೇರೆ ನಾಣ್ಯಗಳಲ್ಲಿಯೂ ಅದೇ ಸ್ಥಾನದಲ್ಲಿ ಮರುಕಳಿಸಿದರೆ ಸಂದೇಹಕ್ಕೆಡೆಯಿಲ್ಲ. ಈ ಒಂದು ಲಕ್ಷಣವನ್ನು ಅರಿತವನು ಅರ್ಧ ಪರೀಕ್ಷೆಯನ್ನು ಮುಗಿಸಿದಂತೆಯೇ.

ಯಂತ್ರಯುಗದ ನಾಣ್ಯಗಳಲ್ಲಿ ವಂಚನೆಗೆ ಅವಕಾಶ ಹೆಚ್ಚು. ಟಂಕಿತವಾದ ನಾಣ್ಯವೊಂದು ಅಚ್ಚಿಗೆ ಅಂಟಿಕೊಂಡು ಉಳಿದು, ಅದರ ಕೆಳಗೆ ಮುಂದಿನ ಬಿಲ್ಲೆ ಬಂದು ಏಟು ಬಿದ್ದಾಗ, ಆ ಬಿಲ್ಲೆಯ ಒಂದು ಮುಖದಲ್ಲಿ ಸರಿಯಾದ ಚಿತ್ರವೂ ಇನ್ನೊಂದು ಮುಖದಲ್ಲಿ ಅದೇ ಚಿತ್ರದ ಕನ್ನಡಿಬಿಂಬದಂತಹ ತಗ್ಗುಮುದ್ರೆಯೂ ಮೂಡುತ್ತವೆ. ಇದು ನಿಜವಾದ ಟಂಕನದೋಷ. ಎರಡು ನಾಣ್ಯಗಳನ್ನು ಇಕ್ಕಳದಲ್ಲಿ ಬಿಗಿದು ಅದುಮಿಯೂ ತಗ್ಗುಬಿಂಬವನ್ನು ತರಬಹುದು; ಆದರೆ ಹಾಗೆ ಮಾಡಿದಾಗ ಮೊದಲಿದ್ದ ಉಬ್ಬುಚಿತ್ರ ಬಿಂಬದ ಅಡಿಯಲ್ಲಿ ನಜ್ಜುಗುಜ್ಜಾಗಿ ಉಳಿಯುತ್ತದೆ, ಇಕ್ಕಳದ ಹಲಗೆಗೆ ತಾಗಿದ ಮುಖ ಚಪ್ಪಟೆಯಾಗುತ್ತದೆ. ಅದೇ ರೀತಿ, ತಗಡಿನಿಂದ ಬಿಲ್ಲೆಯನ್ನು ಕತ್ತರಿಸುವಾಗಲೇ ಒಂದು ಪಾರ್ಶ್ವ ಕಮಾನಿನಂತೆ ತುಂಡಾಗಿದ್ದರೆ, ಅದಕ್ಕೆ ಎದುರಾದ ಅಂಚಿನ ಏಣು ಅನೇಕ ವೇಳೆ ಮಸುಕಾಗಿರುತ್ತದೆ, ಏಕೆಂದರೆ ಅಂಚನ್ನು ಮಡಿಸುವ ಯಂತ್ರಕ್ಕೆ ಅಲ್ಲಿ ಎದುರೊತ್ತಡ ದೊರೆತಿರುವುದಿಲ್ಲ. ಆ ಬಳಿಕ ಕತ್ತರಿಸಿದವನಿಗೆ ಈ ಮಸುಕನ್ನು ತರುವುದು ಸುಲಭವಲ್ಲ.

ಹೊನ್ನಿನ ವಿಷಯದಲ್ಲಿ ಪರೀಕ್ಷಕನಿಗೆ ಒಂದು ಕಷ್ಟವಿದೆ. ತಾಮ್ರದ ನಾಣ್ಯದಲ್ಲಿ ಹಸುರು ಕಿಲುಬು ಗಾಯದೊಳಗೂ ಹರಡಿದ್ದರೆ ಗಾಯ ಹಳೆಯದೆಂದೂ, ಗಾಯ ಕಿಲುಬನ್ನು ಸೀಳಿ ಹೊಳೆಯುತ್ತಿದ್ದರೆ ಹೊಸದೆಂದೂ ತಿಳಿಯಬಹುದು. ಕಿಲುಬದ ಹೊನ್ನಾದರೋ ಸಾವಿರ ವರ್ಷದ ಹಿಂದಿನ ಗಾಯಕ್ಕೂ ನಿನ್ನೆಯ ಗಾಯಕ್ಕೂ ಒಂದೇ ಬಣ್ಣವನ್ನು ತೋರಿಸುತ್ತದೆ. ಅಲ್ಲಿ ಗಾಯದ ಏಣುಗಳು ಸವೆದು ನಯವಾಗಿವೆಯೇ, ತಗ್ಗಿನಲ್ಲಿ ಮಣ್ಣು ಗಟ್ಟಿಯಾಗಿ ಕುಳಿತಿದೆಯೇ ಎಂಬುದನ್ನು ಭೂತಗನ್ನಡಿಯಿಂದ ನೋಡಬೇಕು. ಇದಲ್ಲದೆ ನಮ್ಮ ನಾಡಿನಲ್ಲಿ ಹಳೆಯ ಹೊನ್ನಿನ ನಾಣ್ಯಗಳು ಕಾಸಿನ ಸರಗಳಲ್ಲಿ ಕೊರಳನ್ನೇರಿದವು. ಕೊಂಡಿಯ ಬೆಸುಗೆಯ ಕಲೆ, ಕೊರೆದ ರಂಧ್ರ, ಬಟ್ಟಲಾಕಾರವನ್ನು ಬಡಿದು ಮಟ್ಟಮಾಡಿದಾಗ ಅಕ್ಷರಗಳ ಸುತ್ತ ಬಿದ್ದ ಸುಕ್ಕು, ಇವೆಲ್ಲ ಆ ಜೀವನದ ಕುರುಹುಗಳು.

ಈ ವಿವೇಕದ ಪ್ರಯೋಜನವು ಸಂಗ್ರಾಹಕನ ಲಾಭಕ್ಕೆ ಸೀಮಿತವಲ್ಲ. ಜಗದೇಕಮಲ್ಲನೆಂಬ ಬಿರುದನ್ನು ಎರಡನೆಯ ಜಯಸಿಂಹನೂ, ಒಂದು ಶತಮಾನದ ಬಳಿಕ ಇನ್ನೊಬ್ಬ ಚಾಲುಕ್ಯ ಅರಸನೂ ಧರಿಸಿದ್ದರು. ಇಂತಹ ನಾಣ್ಯವನ್ನು ಯಾವ ಅರಸನಿಗೆ ಸೇರಿಸಬೇಕೆಂಬುದು ಮಿಕ್ಕ ಮುದ್ರೆಗಳನ್ನು ಅವಲಂಬಿಸಿರುವಾಗ, ಕತ್ತರಿಗೆ ಸಿಕ್ಕಿ ಹೋದ ಮುದ್ರೆಯನ್ನು ಕಮ್ಮಟದಲ್ಲಿ ಬೀಳದೆ ಹೋದುದೆಂದು ಬಗೆದರೆ ಹೊಸದೊಂದು ‘ಪ್ರಭೇದ’ವೇ ಸೃಷ್ಟಿಯಾದೀತು. ಸೂಡಿಯ ಹೆಸರು ಇಂತಹ ಚರ್ಚೆಗೆ ಹೊಸದಲ್ಲ: ಅಲ್ಲಿ ದೊರೆತ, ಕ್ರಿ.ಶ. 938ರ ಕಾಲವನ್ನು ಹೇಳಿಕೊಳ್ಳುವ ಗಂಗ ಬೂತುಗನ ತಾಮ್ರಶಾಸನವನ್ನು ಫ್ಲೀಟ್ ಮಹಾಶಯರು ಪ್ರಕಟಿಸುವಾಗಲೇ ಕೃತಕವೆಂದು ಸಾರಿದರು.

ಆದುದರಿಂದ ಈ ಸೀಮೆಯ ಗೃಹಸ್ಥರಲ್ಲಿಯೂ ಸರಾಫರಲ್ಲಿಯೂ ಒಂದು ವಿಜ್ಞಾಪನೆ: ಹಳೆಯ ನಾಣ್ಯ ಕೈಗೆ ಬಂದಾಗ ಹುಣಿಸೆಹಣ್ಣಿನಿಂದ ಉಜ್ಜಬೇಡಿ, ಬಡಿದು ಮಟ್ಟಮಾಡಬೇಡಿ, ಕರಗಿಸಬೇಡಿ, ತೂಕವನ್ನು ಬರೆದಿಟ್ಟು, ಎರಡು ಮುಖಗಳೊಡನೆ ಅಂಚಿನ ಛಾಯಾಚಿತ್ರವನ್ನೂ ತೆಗೆಯಿಸಿರಿ, ನೆಲದಲ್ಲಿ ದೊರೆತುದಾದರೆ ಕಾನೂನಿನಂತೆ ಸರ್ಕಾರಕ್ಕೆ ತಿಳಿಸಿರಿ.