ಗೋಪುರದಿಂದ ನೆಲಮಾಳಿಗೆಗೆ: ‘ಡಂಜನ್’ ಇಳಿದ ದಾರಿ

ಇಂಗ್ಲಿಷ್ ಕಾದಂಬರಿ ಓದುವವರಿಗೂ ಕಂಪ್ಯೂಟರ್ ಆಟ ಆಡುವ ಮಕ್ಕಳಿಗೂ ‘ಡಂಜನ್’ ಎಂದರೆ ನೆಲದಡಿಯ ಕತ್ತಲೆಕೋಣೆ. ಈ ಪದ ಹುಟ್ಟಿದ್ದು ಮಾತ್ರ ಕೋಟೆಯ ಅತಿ ಎತ್ತರದ ಕಟ್ಟಡಕ್ಕೆ ಹೆಸರಾಗಿ.

ಲ್ಯಾಟಿನ್‌ನಲ್ಲಿ ‘ದೋಮುಸ್’ ಮನೆ, ‘ದೋಮಿನುಸ್’ ಮನೆಯ ಯಜಮಾನ. ಆ ಯಜಮಾನ ಬರಬರುತ್ತ ಸೀಮೆಗೇ ಒಡೆಯನಾದ. ಅವನ ಒಡೆತನವನ್ನು ಹೇಳುವ ಮಾತು ಜನರ ನಾಲಿಗೆಯಲ್ಲಿ ಸವೆದು ಹಳೆಯ ಫ್ರೆಂಚಿನಲ್ಲಿ ‘ದೊಂಜೋನ್’ ಆಯಿತು, ಒಡೆಯನ ಗೋಪುರಕ್ಕೆ ಹೆಸರಾಗಿ ನಿಂತಿತು.

ಉತ್ತರ ಫ್ರಾನ್ಸಿನ ಕೂಸಿ ಎಂಬ ಪುಟ್ಟ ಊರಿನಲ್ಲಿ ಈ ಅರ್ಥ ಕಲ್ಲಿನಲ್ಲೇ ಎದ್ದು ನಿಂತಿತ್ತು. 13ನೇ ಶತಮಾನದ ಮೊದಲರ್ಧದಲ್ಲಿ ಅಲ್ಲಿನ ಒಡೆಯ ಮೂರನೇ ಆಂಗರಾನ್ ಕಟ್ಟಿಸಿದ ದೊಂಜೋನ್ ಸುಮಾರು 54 ಮೀಟರ್ ಎತ್ತರ, 31 ಮೀಟರ್ ಅಗಲ. ಗೋಡೆಯ ದಪ್ಪವೇ 7 ಮೀಟರ್. ಫ್ರಾನ್ಸಿನ ದೊರೆಯ ಗೋಪುರಗಳೂ ಇದರ ಮುಂದೆ ಕುಳ್ಳಾದವು. ಬಾಗಿಲ ಮೇಲೆ ಸಿಂಹದೊಡನೆ ಕಾದಾಡುವ ವೀರನ ಕೆತ್ತನೆ ಇತ್ತು. 1917ರ ಮಾರ್ಚ್‌ನಲ್ಲಿ ಹಿಂದೆ ಸರಿಯುತ್ತಿದ್ದ ಜರ್ಮನ್ ಸೇನೆ 28 ಟನ್ ಸ್ಫೋಟಕ ತುಂಬಿ ಇದನ್ನು ಉರುಳಿಸಿತು. ಕ್ಷಮಿಸಲಾಗದ ಕೆಲಸ ಅದು.

ಆಂಗರಾನನ ಮಗ ನಾಲ್ಕನೇ ಆಂಗರಾನ್, ತನ್ನ ಕಾಡಿನಲ್ಲಿ ಬೇಟೆಯಾಡಿದರೆಂದು ಮೂವರು ಎಳೆಯ ಹುಡುಗರನ್ನು ವಿಚಾರಣೆಯೇ ಇಲ್ಲದೆ ಗಲ್ಲಿಗೇರಿಸಿದ. ದೊರೆ ಒಂಬತ್ತನೇ ಲೂಯಿ ಅವನನ್ನು ಹಿಡಿಸಿ ಪ್ಯಾರಿಸ್ಸಿನ ಲೂವ್ರ್ ಕೋಟೆಯಲ್ಲಿ ಸೆರೆಯಿಟ್ಟ, ಭಾರೀ ದಂಡ ಹಾಕಿದ. ಲೂವ್ರ್‌ನ ನಡುವೆಯೂ ದೊಂಜೋನ್ ಇತ್ತು. 1214ರ ಬೂವಿನ್ ಯುದ್ಧದಲ್ಲಿ ಸಿಕ್ಕಿಬಿದ್ದ ಫ್ಲಾಂಡರ್ಸಿನ ಕೌಂಟ್ ಫೆರಾನ್ ವರ್ಷಗಟ್ಟಲೆ ಕೊಳೆತದ್ದು ಅದರಲ್ಲೇ.

ಪದ ಕೆಳಗಿಳಿದದ್ದಕ್ಕೆ ಕಾರಣವೂ ಇಲ್ಲೇ ಇದೆ. ಒಡೆಯ ತನ್ನ ಜೀವ, ಬೊಕ್ಕಸ ಕಾಪಾಡಿಕೊಳ್ಳುವ ಭದ್ರವಾದ ಜಾಗದಲ್ಲೇ ಹಗೆಗಳನ್ನೂ ಕೂಡಿಹಾಕುತ್ತಿದ್ದ. ಇಂಗ್ಲಿಷಿಗೆ ಪದ ದಾಟಿದಾಗ ಎರಡು ಅರ್ಥಗಳೂ ಜೊತೆಗೆ ಹೋದವು. ಮುಂದೆ ಇಂಗ್ಲಿಷರು ಗೋಪುರಕ್ಕೆ ‘ಕೀಪ್’ ಎಂದರು, ‘ಡಂಜನ್’ಗೆ ಸೆರೆಕೋಣೆ ಮಾತ್ರ ಉಳಿಯಿತು. ಫ್ರೆಂಚರಿಗೆ ದೊಂಜೋನ್ ಇಂದಿಗೂ ಗೋಪುರವೇ.

ಇದೇ ‘ದೋಮಿನುಸ್’ನ ಇನ್ನೊಂದು ಕುಡಿ ಹಳೆಯ ಫ್ರೆಂಚಿನ ‘ದಂಜಿಯೇ’, ಎಂದರೆ ಒಡೆಯನ ಅಧಿಕಾರ. ಒಬ್ಬನ ‘ದಂಜಿಯೇ’ಯಲ್ಲಿ ಇರುವುದೆಂದರೆ ಅವನ ಮುಷ್ಟಿಯಲ್ಲಿ ಇರುವುದು, ಅವನು ಬಯಸಿದರೆ ದಂಡ, ಬಯಸಿದರೆ ಬಿಡುಗಡೆ. ಅಧಿಕಾರದ ಹೆಸರು ಆಪತ್ತಿನ ಹೆಸರಾಗಲು ಹೆಚ್ಚು ಕಾಲ ಬೇಕಾಗಲಿಲ್ಲ. ನಮ್ಮ ಟ್ರಾನ್ಸ್‌ಫಾರ್ಮರ್ ಕಂಬಗಳಲ್ಲಿ ತಲೆಬುರುಡೆಯ ಕೆಳಗೆ ಬರೆದಿರುವ ‘ಡೇಂಜರ್’ ಅದೇ ಪದ.