ಬೆಂಕಿಯಿಂದ ಬಣ್ಣದ ಚೀಲಕ್ಕೆ: ಆಸ್ಪತ್ರೆ ತ್ಯಾಜ್ಯ ನಿರ್ವಹಣೆ ಸಾಗಿಬಂದ ದಾರಿ

ಆಸ್ಪತ್ರೆಯ ಕಸವೆಲ್ಲ ವಿಷವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಅದರಲ್ಲಿ ಶೇ 85ರಷ್ಟು ಮನೆಯ ಕಸದಂಥದೇ: ಊಟದ ಉಳಿಕೆ, ಕಾಗದ, ರಟ್ಟಿನ ಪೆಟ್ಟಿಗೆ. ಅಪಾಯವಿರುವುದು ಉಳಿದ ಶೇ 15ರಲ್ಲಿ. ಆದರೆ ರಕ್ತ ಮೆತ್ತಿದ ಒಂದು ಹಿಡಿ ಹತ್ತಿ ಕಾಗದದ ಬುಟ್ಟಿಗೆ ಬಿದ್ದರೆ ಬುಟ್ಟಿ ಪೂರ್ತಿ ಸೋಂಕಿನ ಕಸವಾಗುತ್ತದೆ. ಇಷ್ಟು ಸರಳವಾದ ಮಾತನ್ನು ಕಾನೂನಿಗೆ ಇಳಿಸಲು ದಶಕಗಳೇ ಬೇಕಾದವು.

ಎಲ್ಲಕ್ಕಿಂತ ಕ್ರೂರವಾದದ್ದು ಸೂಜಿ. ಸೋಂಕಿತರ ರಕ್ತವಿದ್ದ ಸೂಜಿ ಚುಚ್ಚಿದಾಗ, ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ ಶೇ 30ರವರೆಗೂ ಇದೆ. ಹೆಪಟೈಟಿಸ್ ಸಿ ಸುಮಾರು ಶೇ 1.8, ಎಚ್‌ಐವಿ ಶೇ 0.3. ಬಳಸಿದ ಸಿರಿಂಜ್ ಮತ್ತೆ ಬಳಕೆಗೆ ಬಂದರೆ ಏನಾಗುತ್ತದೆಂದು 2009ರಲ್ಲಿ ಗುಜರಾತಿನ ಮೋಡಾಸಾ ತೋರಿಸಿತು. ಅಲ್ಲಿ ಹರಡಿದ ಹೆಪಟೈಟಿಸ್ ಬಿ ಹಲವರ ಜೀವ ತೆಗೆಯಿತು. ಅಪಾಯ ಸೂಜಿಯದಷ್ಟೇ ಅಲ್ಲ. ಬ್ರೆಜಿಲ್‌ನ ಗೋಯಾನಿಯಾದಲ್ಲಿ 1987ರಲ್ಲಿ ಪಾಳುಬಿದ್ದ ಚಿಕಿತ್ಸಾಲಯದ ವಿಕಿರಣ ಯಂತ್ರವನ್ನು ಗುಜರಿಗಾಗಿ ಒಡೆದರು. ಅದರೊಳಗಿನ ವಿಕಿರಣಶೀಲ ಸೀಸಿಯಂ 249 ಮಂದಿಗೆ ಮೆತ್ತಿಕೊಂಡಿತು, ನಾಲ್ವರು ಸತ್ತರು.

ಕಾನೂನು ಎಚ್ಚೆತ್ತದ್ದು ಕಸ ಕಣ್ಣಿಗೆ ಬಿದ್ದ ಮೇಲೆ. 1987–88ರಲ್ಲಿ ಅಮೆರಿಕದ ಪೂರ್ವ ಕರಾವಳಿಗೆ ಸಿರಿಂಜುಗಳು ತೇಲಿಬಂದವು. 1988ರಲ್ಲೇ ಅಲ್ಲಿ ವೈದ್ಯಕೀಯ ತ್ಯಾಜ್ಯದ ಜಾಡು ಹಿಡಿಯುವ ಕಾಯ್ದೆ ಬಂತು. ನಮ್ಮಲ್ಲಿ 1996ರಲ್ಲಿ ಡಾ. ಬಿ.ಎಲ್. ವಧೇರಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ದೆಹಲಿಯ 50 ಹಾಸಿಗೆ ಹಾಗೂ ಅದಕ್ಕೂ ದೊಡ್ಡ ಆಸ್ಪತ್ರೆಗಳು ದಹನಕುಲುಮೆ ಅಥವಾ ಅಷ್ಟೇ ಪರಿಣಾಮದ ಬೇರೆ ವ್ಯವಸ್ಥೆ ಹೊಂದಬೇಕೆಂದಿತು. 1998ರ ಜುಲೈನಲ್ಲಿ ದೇಶಕ್ಕೆಲ್ಲ ಅನ್ವಯಿಸುವ ನಿಯಮಗಳು ಜಾರಿಯಾದವು. ತ್ಯಾಜ್ಯವನ್ನು 10 ವರ್ಗಗಳಾಗಿ ವಿಂಗಡಿಸಿದವು.

ಆ ಕಾಲಕ್ಕೆ ಸುಡುವುದೇ ಪರಿಹಾರವೆಂಬ ನಂಬಿಕೆ ಗಟ್ಟಿಯಾಗಿತ್ತು. ಆದರೆ ಪಿವಿಸಿ ಪ್ಲಾಸ್ಟಿಕ್‌ನಲ್ಲಿ ಕ್ಲೋರಿನ್ ಇದೆ. ಅದು ಸರಿಯಾಗಿ ಸುಡದಿದ್ದರೆ ಡಯಾಕ್ಸಿನ್, ಫ್ಯುರಾನ್ ಹುಟ್ಟುತ್ತವೆ. ಮೈಯ ಕೊಬ್ಬಿನಲ್ಲಿ ವರ್ಷಗಟ್ಟಲೆ ನಿಲ್ಲುವ ಡಯಾಕ್ಸಿನ್ ಕ್ಯಾನ್ಸರ್‌ಗೆ ದಾರಿ ಮಾಡುತ್ತದೆ. ಸೋಂಕು ಕೊಲ್ಲಲು ಹೊತ್ತಿಸಿದ ಬೆಂಕಿ ಹೊಸ ವಿಷ ಉಗುಳಿತು. 2001ರ ಸ್ಟಾಕ್‌ಹೋಮ್ ಒಪ್ಪಂದ ವೈದ್ಯಕೀಯ ತ್ಯಾಜ್ಯದ ಕುಲುಮೆಗಳನ್ನು ಇಂಥ ವಿಷದ ಮೂಲಗಳ ಪಟ್ಟಿಗೆ ಸೇರಿಸಿತು. ಆಗ ಹಬೆಯಿಂದ ಕ್ರಿಮಿ ಕೊಲ್ಲುವ ಆಟೋಕ್ಲೇವ್, ಮೈಕ್ರೋವೇವ್, ಪ್ಲಾಸ್ಟಿಕ್ ಚೂರುಮಾಡುವ ಯಂತ್ರಗಳಿಗೆ ಬೆಲೆ ಬಂತು. ಪ್ರತಿ ಆಸ್ಪತ್ರೆಗೊಂದು ಕುಲುಮೆಯ ಬದಲು ಹಲವು ಆಸ್ಪತ್ರೆಗಳಿಗೊಂದು ಸಾಮೂಹಿಕ ಸಂಸ್ಕರಣಾ ಘಟಕ ಎಂಬ ಪದ್ಧತಿ ಬೆಳೆಯಿತು.

ಈ ಅನುಭವವೆಲ್ಲ 2016ರ ಮಾರ್ಚ್‌ನ ನಿಯಮಗಳಲ್ಲಿ ನೆಲೆ ಕಂಡಿತು. ಹತ್ತು ವರ್ಗಗಳು ನಾಲ್ಕು ಬಣ್ಣಗಳಾದವು. ಅಂಗಾಂಶ, ರಕ್ತದ ಹತ್ತಿ, ಅವಧಿ ಮೀರಿದ ಔಷಧ ಹಳದಿಗೆ, ಕೊಳವೆ, ಕೈಗವಸು, ಸೂಜಿ ತೆಗೆದ ಸಿರಿಂಜ್ ಕೆಂಪಿಗೆ, ಸೂಜಿ, ಬ್ಲೇಡ್ ತೂತಾಗದ ಬಿಳಿ ಡಬ್ಬಿಗೆ, ಗಾಜು ನೀಲಿಗೆ. ಪ್ರಯೋಗಾಲಯದ ತ್ಯಾಜ್ಯ ಆಸ್ಪತ್ರೆಯಲ್ಲೇ ಸೋಂಕುಮುಕ್ತವಾಗಬೇಕು. ಸಂಸ್ಕರಿಸದ ಕಸ 48 ಗಂಟೆಗಿಂತ ಹೆಚ್ಚು ಉಳಿಯಬಾರದು. ಚೀಲಕ್ಕೆ ಬಾರ್‌ಕೋಡ್, ಸಿಬ್ಬಂದಿಗೆ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಕಡ್ಡಾಯ. 75 ಕಿಲೋಮೀಟರ್ ಒಳಗೆ ಸಾಮೂಹಿಕ ಘಟಕವಿದ್ದರೆ ಆಸ್ಪತ್ರೆ ತನ್ನದೇ ಕುಲುಮೆ ಹೂಡುವಂತಿಲ್ಲ. ಹೊಗೆಯಲ್ಲಿನ ಡಯಾಕ್ಸಿನ್‌ಗೂ ಮಿತಿ ಬಂತು: ಘನ ಮೀಟರಿಗೆ 0.1 ನ್ಯಾನೊಗ್ರಾಂ.

2020ರ ಕೋವಿಡ್ ಈ ವ್ಯವಸ್ಥೆಯನ್ನು ಒರೆಗೆ ಹಚ್ಚಿತು. ರೋಗಿಗಳ ಕಸಕ್ಕೆ ಜೋಡಿ ಚೀಲ, ಪ್ರತ್ಯೇಕ ವಾಹನ ಬಂದವು. ಅದರೊಂದಿಗೆ ಆಸ್ಪತ್ರೆಯ ಕಸ ಮನೆಯೊಳಗೂ ಹುಟ್ಟುತ್ತದೆ ಎಂಬುದು ಎಲ್ಲರಿಗೂ ಕಂಡಿತು. ಇಂದು ಮನೆಮನೆಗಳಲ್ಲಿ ಇನ್ಸುಲಿನ್ ಸೂಜಿ, ಸಕ್ಕರೆ ಪರೀಕ್ಷೆಯ ಮೊನೆಗಳಿವೆ. ಅವು ಹಸಿಕಸದ ಜೊತೆ ಹೋದರೆ ಮೊದಲು ಚುಚ್ಚುವುದು ಪೌರಕಾರ್ಮಿಕರ ಬೆರಳನ್ನು.

ಯಾವ ದುಬಾರಿ ಯಂತ್ರವೂ ಬೆರೆತ ಕಸವನ್ನು ಮರಳಿ ಬೇರ್ಪಡಿಸಲಾರದು. ಹಾಸಿಗೆಯ ಪಕ್ಕದಲ್ಲಿ ನಿಂತ ನರ್ಸ್ ಸರಿಯಾದ ಚೀಲ ಆರಿಸಿದ ಕ್ಷಣದಲ್ಲೇ ಮುಕ್ಕಾಲು ಕೆಲಸ ಮುಗಿದಿರುತ್ತದೆ. ಆಸ್ಪತ್ರೆಗಳು ಆ ತರಬೇತಿಯಲ್ಲಿ ಜಿಪುಣತನ ತೋರಬಾರದು. ನಾವೂ ಬಳಸಿದ ಸೂಜಿಯನ್ನು ಗಟ್ಟಿ ಡಬ್ಬಿಯಲ್ಲಿ ಮುಚ್ಚಿಟ್ಟು, ಏನೆಂದು ತಿಳಿಸಿ, ಪ್ರತ್ಯೇಕವಾಗಿಯೇ ಕೊಡೋಣ. ನಮ್ಮ ಕಸ ಎತ್ತುವವರ ಕೈಗೆ ನಾವು ಕೊಡಬೇಕಾದ ಕನಿಷ್ಠ ರಕ್ಷಣೆ ಅದು.