ಕೋಲಾರದಿಂದ ಡಿಗ್ರಿಗೆ ನಾಲ್ಕು ಗಂಟೆ

ರಾಯಲ್ಪಾಡಿನಲ್ಲಿ ಟೀ ಕುಡೀತಾ ನಿಂತಿದ್ದೆ. ಮಾವಿನ ಸುಗ್ಗಿ. ಒಬ್ಬ ಹಿರಿಯ ರೈತರು ಗುರುತು ಹಿಡಿದು ಕೇಳಿದರು: "ಸಾರ್, ಟೀವೀಲಿ ದಿನಾ ಏರ್‌ಪೋರ್ಟ್ ಸುದ್ದಿ ಹೇಳ್ತೀರಿ. ನಮ್ಮ ಕೋಲಾರಕ್ಕೆ ಯಾವಾಗ ಬರುತ್ತೆ?"

"ಬಂದು ಹೋಗಿ ಎಂಬತ್ತು ವರ್ಷ ಆಯ್ತು ಯಜಮಾನ್ರೇ" ಅಂದೆ. ಅವರು ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ.

ಎರಡನೇ ಮಹಾಯುದ್ಧದ ಕಾಲ. ಬರ್ಮಾ ಜಪಾನಿಯರ ಕೈಯಲ್ಲಿತ್ತು. ಯುದ್ಧರಂಗದಿಂದ ದೂರ ಇದ್ದ ನಮ್ಮ ಕೋಲಾರದಲ್ಲಿ ಬ್ರಿಟಿಷ್ ವಾಯುಪಡೆ ನೆಲೆ ಮಾಡಿಕೊಂಡಿತು. ನಾಲ್ಕು ಎಂಜಿನ್ನಿನ ಅಮೆರಿಕನ್ ಬಾಂಬರ್ 'ಲಿಬರೇಟರ್' ಹಾರಿಸುವ ತರಬೇತಿ ಇಲ್ಲಿ ನಡೆಯುತ್ತಿತ್ತು. 1944ರ ನವೆಂಬರ್ 8ರಂದು ಇದೇ ಕೋಲಾರದಲ್ಲಿ 358ನೇ ಸ್ಕ್ವಾಡ್ರನ್ ಹುಟ್ಟಿತು.

1945ರ ಜನವರಿಯಲ್ಲಿ ಆ ಪಡೆ ಡಿಗ್ರಿಗೆ ಹೊರಟಿತು. ಕಾಲೇಜಿನ ಡಿಗ್ರಿ ಅಲ್ಲ, ಬಂಗಾಳದ ಮಿಡ್ನಾಪುರ ಕಡೆಯ ಒಂದು ಊರು. ನಕ್ಷೆಯಲ್ಲಿ ನೇರ ಗೆರೆ ಎಳೆದರೆ ಸುಮಾರು 1,450 ಕಿಲೋಮೀಟರ್. ಲಿಬರೇಟರ್ ವೇಗ ಗಂಟೆಗೆ 340 ಕಿಲೋಮೀಟರ್ ಆಸುಪಾಸು. ಲೆಕ್ಕ ಹಾಕಿ, ನಾಲ್ಕು ಗಂಟೆ ಚಿಲ್ಲರೆ! ಅದೇ ದಾರಿಗೆ ಬಂಗಾರಪೇಟೆಯಲ್ಲಿ ರೈಲು ಹಿಡಿದು, ಮದ್ರಾಸ್ ಮೇಲೆ ಹೋದರೆ ಒಂದೂವರೆ, ಎರಡು ದಿನ ಬೇಕಾಗುತ್ತಿತ್ತು.

ಅಲ್ಲಿಂದ ಮುಂದಿನದು ಸಾವಿನ ದಾರಿ. ಬರ್ಮಾ, ಸಯಾಮ್, ಇಂಡೋಚೈನಾ ಕಾಡುಗಳ ಮೇಲೆ ಹಾರಿ, ಪ್ಯಾರಾಚೂಟಿನಲ್ಲಿ ಗೂಢಚಾರರನ್ನೂ ಸಾಮಾನನ್ನೂ ಇಳಿಸುವ ಕೆಲಸ. ಹೋದ ಕೆಲವು ವಿಮಾನಗಳು ವಾಪಸ್ ಬರಲೇ ಇಲ್ಲ. ಯುದ್ಧ ಮುಗಿಯಿತು. 1945ರ ನವೆಂಬರ್‌ನಲ್ಲಿ ಪಡೆಯನ್ನೇ ವಿಸರ್ಜಿಸಿದರು.

ಲಿಬರೇಟರ್ ಕಥೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಬ್ರಿಟಿಷರು ಕಾನ್ಪುರದಲ್ಲಿ ಕೆಡಿಸಿ ಬಿಟ್ಟುಹೋದ ಈ ವಿಮಾನಗಳನ್ನು ಸ್ವತಂತ್ರ ಭಾರತ ಗುಜರಿಗೆ ಹಾಕಲಿಲ್ಲ. ಹಾರುವಷ್ಟು ರಿಪೇರಿ ಮಾಡಿ, ಎಚ್‌ಎಎಲ್ ಪೈಲಟ್ ಜಮ್ಷೆಡ್ ಮುನ್ಷಿ ಅವನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಪೂರ್ತಿ ಸರಿಹೋದ ಆ ವಿಮಾನಗಳು 1968ರವರೆಗೆ ನಮ್ಮ ವಾಯುಪಡೆಯಲ್ಲಿ ದುಡಿದವು.

ವಿಮಾನ ಉಳಿಯಿತು. ಅದು ಹಾರಿದ ಕೋಲಾರ? ಇವತ್ತು ಕೋಲಾರದಲ್ಲೂ ಇಲ್ಲ, ಡಿಗ್ರಿಯಲ್ಲೂ ಇಲ್ಲ, ಟಿಕೆಟ್ ಕೊಡುವ ಕೌಂಟರ್. ರಾಯಲ್ಪಾಡಿನಿಂದ ದೇವನಹಳ್ಳಿಗೆ ಕಾರಿನಲ್ಲೇ ಎರಡು, ಎರಡೂವರೆ ಗಂಟೆ. ಅಲ್ಲಿಂದ ಕೋಲ್ಕತ್ತಾಗೆ ವಿಮಾನದಲ್ಲೂ ಹೆಚ್ಚುಕಡಿಮೆ ಅಷ್ಟೇ! ಬಸ್ ಬದಲಾಯಿಸಿ ಹೋಗುವವರ ಪಾಡು ಬೇರೆ ಹೇಳಬೇಕೆ?

ಪ್ರತಿ ತಾಲೂಕಿಗೂ ಏರ್‌ಪೋರ್ಟ್ ಕೊಡಿ ಅಂತ ನಾನು ಕೇಳುತ್ತಿಲ್ಲ. ಆದರೆ ನೋಡಿ, ಬಾಂಬು ಹೊರುವ ಅವಸರ ಇದ್ದಾಗ ಕೋಲಾರ ಸರ್ಕಾರದ ಕಣ್ಣಿಗೆ ಬಿತ್ತು. ಹಣ್ಣು ಹೊರುವ ಅವಸರ ಯಾರ ಕಣ್ಣಿಗೆ ಬೀಳಬೇಕು? ಆ ರೈತರ ಹತ್ತಿರ ಇದನ್ನೇ ಹೇಳಿದೆ. ಅವರು ಲೋಟ ಕೆಳಗಿಟ್ಟು ಎದ್ದರು. "ಏರ್‌ಪೋರ್ಟ್ ಹಂಗಿರಲಿ ಸಾರ್, ಮಂಡಿಗೆ ಹೋಗೋ ರಸ್ತೆ ಸರಿ ಮಾಡ್ಸಿ ಅಂತ ಹೇಳಿ ಸಾಕು."

ಹೇಳಿದ್ದೇನೆ.